ಲಾಮಾ ಮರಿಗೆ ಅಂಕ

ಕಿವಿ, ಬಾಳೆಕಾಯಿಯ ಬಾಗು. ಸರಿ.
ಬಸಿಲಿಯಾ ಬೆರಳಿಂದ ತುಟಿ ಸರಿಸಿದಳು:
ಕೆಳಹಲ್ಲು ಮೇಲಿನ ವಸಡಿಗೆ ಕೂಡುತ್ತದೆ.
ಬರಿ, ಎಂದಳು. ಬರೆದೆ.

ಬೆನ್ನ ಮೇಲೆ ಅಂಗೈ ಜಾರಿಸಿದಳು,
ಮಣೆ ಒರೆಸುವ ಹಾಗೆ. ತಗ್ಗಿಲ್ಲ.
ಆಮೇಲೆ ಒರೂರೊದ ಉಪ್ಪುಮಣ್ಣಿಗೆ ಮೊಣಕಾಲೂರಿ
ಎದುರಿನಿಂದ ನೋಡಿದಳು:
ಮುಂಗಾಲ ಮಂಡಿಗಳೆರಡೂ ಒಳಕ್ಕೆ,
ಗುಟ್ಟು ಹೇಳಿಕೊಳ್ಳುವ ನಾದಿನಿಯರು.

ಹಗ್ಗ ಹಿಡಿದ ಕ್ಲೆತೊ, ಒಂಬತ್ತರ ಪೋರ,
ಮರಿಗಿಂತ ನೆಟ್ಟಗೆ ನಿಂತಿದ್ದ.
ಕಾಲಿಗೆ ಹತ್ತಕ್ಕೆ ಎರಡು, ಎಂದಳು,
ಅವನಿಗೆ ಕೇಳದಷ್ಟು ಮೆಲ್ಲಗೆ.

ನಡೆಸು.
ನಡೆಸಿದ. ಗಾಳಿ ಎದುರಿಗಿತ್ತು.
ಮರಿ ಕತ್ತೆತ್ತಿತು. ಎರಡೇ ಬೆರಳಿನ ಪಾದ
ಸದ್ದಿಲ್ಲದೆ, ಸದ್ದಿಲ್ಲದೆ
ಬೇಲಿಯ ತುದಿಯವರೆಗೆ.

ನಡಿಗೆಗೆ ಎಷ್ಟು, ಕೇಳಿದೆ.
ಅವಳು ಇನ್ನೂ ಅತ್ತಲೇ ನೋಡುತ್ತಿದ್ದಳು.
ಚಳಿಗೆ ಶಾಯಿ ಹೆಪ್ಪುಗಟ್ಟಿತ್ತು;
ಪೆನ್ನು ಕಂಕುಳಲ್ಲಿಟ್ಟು
ಕಾಯಿಸುತ್ತ ಕಾದೆ.