ನೂರರಲ್ಲಿ ನಾಲ್ಕೂವರೆ

ಮಾಲ್ಟ್ ಕಾರ್ಖಾನೆಯ ಗೇಟಿನಿಂದ ಹಿಂದಿರುಗಿದ ಚೀಲ.
ಮೇಲೆ ಕೆಂಪಕ್ಷರ: ಅಂಟು ಹೆಚ್ಚು.
ಬಿಯರಿನವರಿಗೆ ಈ ಅಂಟು ಆಗದು,
ಜಾಲರಿ ಕಟ್ಟುತ್ತದೆ, ರಸ ಇಳಿಯುವುದಿಲ್ಲ,
ಗಾಜಿನಲ್ಲಿ ಮಬ್ಬು ಕೂರುತ್ತದೆ.
ಬದಾಸೊ ಅದನ್ನು ಕತ್ತೆಯ ಮೇಲೆ ಹೇರಿಕೊಂಡು
ಅರ್ಸಿಯ ಇಳಿಜಾರು ಹಿಡಿದು ನೇರ ನಮ್ಮ ಬಾಗಿಲಿಗೆ ಬಂದ.
"ಅವರು ಒದ್ದಿದ್ದನ್ನು ನೀವು ಕೊಳ್ಳುತ್ತೀರಂತೆ, ಅತ್ಸೆದೆ?"

ಹೌದು. ನಮಗೆ ಬೇಕಾದದ್ದು ಆ ಅಂಟೇ.

ಕಪ್ಪು ಜವೆ. ಪ್ರತಿ ಕಾಳಿನ ಹೊಟ್ಟೆಯ ಮೇಲೂ
ಹೊಲಿಗೆ ಬಿಚ್ಚಿದ ಹಾಗೆ ಒಂದು ಸೀಳು.
ಬೀಸಿ, ಜರಡಿ ಹಿಡಿದು,
ಮೊದಲು ಸ್ಪಿರಿಟ್ಟಿನಲ್ಲಿ ಕುದಿಸಬೇಕು.
ಕಾಳಿನೊಳಗೇ ಮಲಗಿರುವ ಕಿಣ್ವ
ನೀರು ತಾಗಿದ್ದೇ ಎದ್ದು ಕೂತು
ನಾವು ಹುಡುಕುವ ಸರಪಣಿಯನ್ನೇ ತುಂಡರಿಸುತ್ತದೆ.
ಮನೆಯೊಳಗಿನ ಕಳ್ಳನನ್ನು ಮೊದಲು ಕಟ್ಟು, ಎನ್ನುತ್ತಾನೆ ಲೆಮ್ಮ.

ಆಮೇಲೆ ನೀರು, ಐವತ್ತೈದು ಡಿಗ್ರಿ,
ಕೈಗೆ ತಡೆಯದ, ಆದರೆ ಕುದಿಯೂ ಅಲ್ಲದ ಬಿಸಿ.
ಪಿಷ್ಟ ಬಿಟ್ಟುಹೋಗಲು ಬೇರೊಂದು ಕಿಣ್ವ,
ಪ್ರೋಟೀನು ತಳ ಸೇರಲು ಒಂದಿಷ್ಟು ಹುಳಿ,
ಹಾಲು ಒಡೆಸಿದಂತೆ.
ಯಂತ್ರ ಗಿರಗಿರನೆ ವೇಗ ಏರಿಸುವಾಗಲೇ
ಕರೆಂಟು ಹೋಯಿತು.
ನಮ್ಮ ಗಡಿಯಾರದಲ್ಲಿ ಒಂಬತ್ತು. ನಿಮ್ಮದರಲ್ಲಿ ಮಧ್ಯಾಹ್ನ ಮೂರು.
ಕಾದೆವು, ಹುರಿದ ಜವೆ ಬಾಯಿಗೆ ಎಸೆದುಕೊಂಡು
(ಪರೀಕ್ಷೆಯ ಕಾಳಲ್ಲ, ಲೆಮ್ಮನ ಜೇಬಿನದು).

ರಾತ್ರಿ, ತಿಳಿಗೆ ಸಮಸಮ ಸ್ಪಿರಿಟ್ಟು ಸುರಿದಾಗ
ಮೊದಲು ಏನೂ ಇಲ್ಲ.
ಆಮೇಲೆ ಬೀಕರಿನ ನಡುವೆ
ಮುಂಜಾನೆ ಕತ್ತೆಯ ಮೂಗಿನ ಹಬೆಯಷ್ಟು ಬೆಳ್ಪು.
ಬೆಳ್ಪಿಗೆ ಎಳೆ ಬಂತು.
ಎಳೆ ಎಳೆಯನ್ನು ಹಿಡಿದು
ಗಾಜಿನ ಕಡ್ಡಿಗೆ ಸುತ್ತಿಕೊಂಡಿತು.
ಐದು ವರ್ಷದಲ್ಲಿ ಎಷ್ಟೋ ಸಲ ಕಂಡಿದ್ದೇನೆ,
ಇನ್ನೂ ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ.

ಒಣಗಿದ ಮೇಲೆ ಅದು ಹಂಜಿ.
ಒಂದು ಚಿಟಿಕೆ ನೀರಿಗೆ ಕರಗಿಸಿ, ತಿರುಗುವ ಕಡ್ಡಿ ಇಳಿಬಿಟ್ಟು
ನೀರು ಎಷ್ಟು ಹಟ ಮಾಡುತ್ತದೆ ಎಂದು ಅಳೆದೆ.
ಕಣ್ಣಿಗೆ ಕಾಣದ ಕೆಂಪು ಬೆಳಕು ಹಾಯಿಸಿದೆ.
ಕಾಗದದ ಗೆರೆಯಲ್ಲಿ, ಎಂಟುನೂರ ತೊಂಬತ್ತರ ಬಳಿ,
ಒಂದು ಸಣ್ಣ ತಗ್ಗು:
ಸಕ್ಕರೆ ಸಕ್ಕರೆಯ ಕೈ ಹಿಡಿದಿರುವ ಗುರುತು.
ಎರಡೋ ಮೂರೋ ಕೊಂಡಿ ನೇರ, ಆಮೇಲೊಂದು ಸೊಟ್ಟ,
ಮತ್ತೆ ನೇರ, ಮತ್ತೆ ಸೊಟ್ಟ.
ಆ ಸೊಟ್ಟಿನಿಂದಲೇ ಅದು ನೀರಿಗೆ ಒಲಿಯುವುದು.
ಎಲ್ಲವೂ ನೆಟ್ಟಗಿದ್ದಿದ್ದರೆ
ಬರೀ ಹುಲ್ಲುಕಡ್ಡಿ.

ತಿಂಗಳ ಮೇಲೆ ಬದಾಸೊ ಬಂದ. ಸೀಸೆ ಕೊಟ್ಟೆ.
ಒದ್ದೆ ಬೆರಳಿಗೆ ಬೆರಳು ಉಜ್ಜಿ, ಎಳೆದು, ನೋಡಿ,
"ಇದು ಗೊತ್ತು," ಎಂದ.
"ಬಾಣಂತಿಗೆ ಮರ್ಕಾ ತಿರುವುವಾಗ
ಕೋಲನ್ನು ಹಿಡಿದು ಜಗ್ಗುತ್ತದಲ್ಲ, ಅದೇ.
ನಡುವಿನ ಗುಳಿಯಲ್ಲಿ ಬೆಣ್ಣೆ ಸೋರದೆ ನಿಲ್ಲುವುದು ಇದರಿಂದ.
ಎಷ್ಟು ಸಿಕ್ಕಿತು?"
ನೂರು ಗ್ರಾಮಿಗೆ ನಾಲ್ಕೂವರೆ.
"ಉಳಿದದ್ದು?"

ಲೆಮ್ಮ ಕಿಟಕಿಯ ಕಡೆ ತಿರುಗಿದ.
ನಾನು ಪಿಷ್ಟ, ಪ್ರೋಟೀನು, ಶೇಕಡಾವಾರು ಎಂದು ಶುರುಮಾಡಿ
ನಡುವೆಯೇ ನಿಲ್ಲಿಸಿದೆ.
ಹಿತ್ತಿಲ ಗುಂಡಿಯಲ್ಲಿ ಬೂದುಬಣ್ಣದ ರಾಡಿ,
ಸ್ಪಿರಿಟ್ಟಿನ ವಾಸನೆಗೆ ಅವನ ಕತ್ತೆಯೂ ಅದನ್ನು ಮೂಸಿ
ತಲೆ ಕೊಡವಿತು.
ಬದಾಸೊ ಏನೂ ಅನ್ನಲಿಲ್ಲ. ಬಗ್ಗಿ,
ನೆಲಕ್ಕೆ ಬಿದ್ದಿದ್ದ ಆರೇಳು ಕಾಳು ಆಯ್ದು
ಜೇಬಿಗೆ ಹಾಕಿಕೊಂಡ.

ನನ್ನ ದಫ್ತರದಲ್ಲಿ ಈಗ ಇನ್ನೊಂದು ಅಂಕಣ ಎಳೆದಿದ್ದೇನೆ:
ಉಳಿದದ್ದು.
ಏನು ತುಂಬಬೇಕೋ ತಿಳಿಯದು.
ನಾಳೆ ಎರಡನೆಯ ಚೀಲ ಬಿಚ್ಚಬೇಕು.