ಅರವತ್ತೊಂದು

ನವನಗರದ ಆಸ್ಪತ್ರೆಯ ರೆಕಾರ್ಡು ಕೋಣೆಯಲ್ಲಿ
ಇಪ್ಪತ್ತೆಂಟು ವರ್ಷ ನಾನು ಎಣಿಸಿದ್ದು ಬಾಯಿಗಳನ್ನ.
ಎಡಗೆನ್ನೆ, ಬಲಗೆನ್ನೆ, ನಾಲಗೆಯ ಅಂಚು, ಕೆಳವಸಡು.
ತಂಬಾಕು ಇಡುವ ಜಾಗ ಕೇಳಿದರೆ ಸಾಕು,
ಹುಣ್ಣಿನ ಜಾಗ ಬರೆದುಬಿಡುತ್ತಿದ್ದೆ.

ಐದು ವರ್ಷ ಬದುಕಿದರೋ ಇಲ್ಲವೋ ತಿಳಿಯಲು
ದೊಡ್ಡ ಡಾಕ್ಟರು ಜವಾಬಿ ಕಾರ್ಡು ಹಾಕಿಸುತ್ತಿದ್ದರು:
ಹೆಂಗದೀರಿ? ಊಟ ಹೋಗ್ತದೇನು? ಗಂಟು ಮತ್ತ ಬಂದದೇನು?
ಅರ್ಧ ಕಾರ್ಡು ಹರಿದು ತಿರುಗಿ ಬರುತ್ತಿತ್ತು
ಯಾರದೋ ಮಗಳ ಕನ್ನಡಸಾಲಿ ಅಕ್ಷರದಲ್ಲಿ.
ಕುಂದಗೋಳ, ಶಿರಹಟ್ಟಿ, ಮುಳಗುಂದ, ಹಾನಗಲ್ಲ.
ಕೆಲವು ಹೋದ ಹಾಗೇ ವಾಪಸು,
ಮೇಲೆ ಪೋಸ್ಟಮನ್ನನ ಕೆಂಪು ಶಾಯಿ.

ಅರವತ್ತೊಂದು ಮಂದಿ. ನಾಲ್ಕು ಪುಟದ ಲೇಖನ.
ಕೊನೆಗೆ ನನಗೊಂದು ಥ್ಯಾಂಕ್ಸು, ಹೆಸರಿನ ಸ್ಪೆಲಿಂಗು ತಪ್ಪು.

ಮೊನ್ನೆ ಹೊಸ ಡಾಕ್ಟರು, ನಿವೇದಿತಾ ಹಂಚಿನಮನಿ,
ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದರು.
ನಟ್ಟನಡುವೆ ನಿಂತ ಒಂದು ಗೆರೆ,
ಅದರ ಆಚೀಚೆ ಸಣ್ಣ ಚೌಕಗಳು,
ಪ್ರತಿ ಚೌಕಕ್ಕೂ ಎರಡೂ ಕಡೆ ಬೆಕ್ಕಿನ ಮೀಸೆ.
"ಇದಕ್ಕ ಕಾಡು ಅಂತಾರ್ರೀ ಸಂಗೂರಮಠ ಸರ್.
ಈ ಎಂಟನೇದು ಕಾಣ್ತದಲ್ಲ, ಅದು ನಿಮ್ಮದು."
ಸಾಸಿವೆಯಷ್ಟು. ಅದರೊಳಗೆ ಅರವತ್ತೊಂದು ಬಾಯಿ.
ಎಲ್ಲಕ್ಕೂ ಕೆಳಗೆ ಒಂದು ವಜ್ರ,
ಊರೂರಿನ ಲೆಕ್ಕ ಕೂಡಿಸಿ ಉಳಿದ ಉತ್ತರ.

ಇದೊಂದೇ ಅಲ್ಲವಂತೆ.
ಲಖನೌದಿಂದ ಒಂದು, ಕೊಲಂಬೊದಿಂದ ಒಂದು,
ಚೀನಾದಿಂದ ಒಂದೇ ವರ್ಷ ನಾಲ್ಕು,
ಆಮೇಲೆ ಕೂಡಿಸಿದ್ದನ್ನೇ ಮತ್ತೆ ಕೂಡಿಸಿದವು ಎರಡು.
ಹದಿನೇಳು ಕಡೆ ನಮ್ಮ ಚೌಕ.
"ಪೇಷಂಟ್ ನೋಡೋರಿಗಿಂತ ಪೇಪರ್ ಕೂಡಿಸೋರು ಭಾಳ ಆಗ್ಯಾರ"
ಅಂತ ನಕ್ಕರು. ಹದಿನೆಂಟನೆಯದನ್ನು
ಪ್ರಮೋಷನ್ನಿಗೆ ಅವರೇ ಬರೆಯುತ್ತಿದ್ದರು.

ನಮ್ಮಪ್ಪ ಬ್ಯಾಡಗಿ ಪೇಟೆಯಲ್ಲಿ ಚೀಲ ಬಿಚ್ಚುವವ.
ಲಾಟಿಗೊಂದು ಹಿಡಿ ತೆಗೆದು, ತೊಟ್ಟು ಮುರಿದು,
ಕಾಯಿಯನ್ನ ಬಿಸಿಲಿಗೆ ಹಿಡಿಯುತ್ತಿದ್ದ.
"ಹತ್ತು ಲಾಟು ಕಲಸಿದರ ಬಣ್ಣ ನಡುಮಧ್ಯ ಬರ್ತದೋ ತಮ್ಮಾ,
ಬೂಜು ಬರೂದಿಲ್ಲ. ಅದು ಒಳಗ ನಡೀತಿರ್ತದ."
ಆಗ ನನ್ನ ಕಣ್ಣಲ್ಲಿ ಖಾರದ ನೀರು. ಕೇಳಿಸಿಕೊಂಡಿರಲಿಲ್ಲ.

ಆ ರಾತ್ರಿ ಹಳೆಯ ರಜಿಸ್ಟರು ಬಿಚ್ಚಿದೆ.
ಯಾಕೆ ಬಿಚ್ಚಿದೆನೋ. ಹೆಸರು ಓದುವ ಚಟ.
ಇಪ್ಪತ್ಮೂರು: ಮಾಬೂಬಿ ನದಾಫ, ಅಣ್ಣಿಗೇರಿ.
ನಲವತ್ತೇಳು: ಮೆಹಬೂಬಬೀ ಪಿಂಜಾರ, ನರೇಗಲ್ಲ.
ಬಲಗೆನ್ನೆ. ಬಲಗೆನ್ನೆ.
ಎರಡೂ ಒಪ್ಪಿಗೆ ಪತ್ರದ ಮೇಲೆ ಒಂದೇ ಹೆಬ್ಬೆಟ್ಟು,
ನಡುವೆ ಯಾವುದೋ ಕಾಲದ ಕುಡುಗೋಲು ಸೀಳಿದ ಗೆರೆ.
ತವರಿನಿಂದ ಒಮ್ಮೆ ಬಂದಿದ್ದಾಳೆ, ಗಂಡನ ಊರಿಂದ ಒಮ್ಮೆ.
ನಾನು ಹೊಸ ಫೈಲು ತೆರೆದಿದ್ದೇನೆ.
ಊಟದ ಹೊತ್ತಿರಬೇಕು. ಸಾಲು ಉದ್ದ ಇತ್ತಿರಬೇಕು.

ಅಣ್ಣಿಗೇರಿಯ ಕಾರ್ಡು: ಆರಾಮ ಅದಾಳ್ರಿ, ಗಂಜಿ ಕುಡೀತಾಳ.
ನರೇಗಲ್ಲಿನದು: ತೀರಿಕೊಂಡಾರ.

ಹದಿನೇಳು ಲೇಖನಗಳಲ್ಲಿ ಒಬ್ಬಳೇ ಹೆಂಗಸು
ಹದಿನೇಳು ಸಲ ಬದುಕಿದ್ದಾಳೆ,
ಹದಿನೇಳು ಸಲ ಸತ್ತಿದ್ದಾಳೆ.
ಇಷ್ಟು ಓಡಾಟ ಆಕೆ ಜನ್ಮದಲ್ಲಿ ಮಾಡಿರಲಿಕ್ಕಿಲ್ಲ.

ಬೆಳಿಗ್ಗೆ ಡಾಕ್ಟರಿಗೆ ಹೇಳಿದೆ. ಚಾ ಆರಿತು.
ಎರಡೂ ರೀತಿ ಅರವತ್ತು ಹಾಕಿ ನೋಡಿದರು.
"ವಜ್ರ ಅಲುಗಲಿಲ್ರಿ ಸರ್, ಮೂರನೇ ದಶಾಂಶದಾಗೂ."
ಸಮಾಧಾನಕ್ಕೆ ಹೇಳಿದ್ದು. ನನಗೆ ಅದೇ ಚುಚ್ಚಿತು.
ಆಮೇಲೆ ಸುಮ್ಮನೆ ಕೂತು ಅಂದರು,
"ಆದ್ರೂ ಹದಿನೇಳು ಮಂದಿಗೂ ಪತ್ರ ಬರಿಯೂಣು.
ರಜಿಸ್ಟರಿನಾಗ ನೀವ ಹೊಡದುಹಾಕ್ರಿ.
ಯಾವದು ಹೊಡೀತೀರಿ, ನನಗ ತಿಳಸ್ರಿ."

ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದೇನೆ.
ಎರಡು ಕಾರ್ಡು ಮೇಜಿನ ಮೇಲೆ.
ಅಂಚೆಯ ಮುದ್ರೆ ಒಂದರ ಮೇಲೆ ಅಲುಕಿಹೋಗಿದೆ,
ಇನ್ನೊಂದರ ಮೇಲೆ ಬಿದ್ದೇ ಇಲ್ಲ.
ಯಾವುದು ಮೊದಲು, ಯಾವುದು ಆಮೇಲೆ?
'ಕುಡೀತಾಳ' ಎಂಬಲ್ಲಿ ಕೊಂಬು ಮರೆತಿದೆ.
ಬರೆದ ಹುಡುಗಿಗೆ ಈಗ ಮೂವತ್ತು ದಾಟಿರಬೇಕು.

ನಾಳೆ ಎಂಟಕ್ಕೆ ಗದಗ ಬಸ್ಸು.