ಕತ್ತರಿ ಗೀಟು

ಬುಧವಾರ. ಕಾರ್ಕ್ ಪತ್ರಾಗಾರದಲ್ಲಿ
ಮೈಕ್ರೋಫಿಲ್ಮಿನ ಚಕ್ರ ತಿರುಗಿಸುತ್ತ
ಮೂವರು ಮುತ್ತಜ್ಜಿಯರನ್ನು ಹಿಡಿದೆ.

ದೀಕ್ಷಾಸ್ನಾನದ ದಫ್ತರದಲ್ಲಿ ಗೊಬ್ನಾಟಾ:
ಪಾದ್ರಿಯ ಲ್ಯಾಟಿನ್ನು, ಮೇಣದ ಕಲೆ.
ಮದುವೆಯ ಪುಟದಲ್ಲಿ ಅಬಿಗೇಲ್.
ಸಾವಿನ ಸಾಲಿನಲ್ಲಿ
ಡೆಬೊರಾ ಟೂಯಿಗ್, ವಿಧವೆ, ಎದೆಯಲ್ಲಿ ಕಫ.

ಮೂವರೂ ಒಬ್ಬಳೇ ಅಂದವನು ಗುಮಾಸ್ತ ಡೊನೊಕ್,
ಸ್ಯಾಂಡ್‌ವಿಚ್ ಅಗಿಯುತ್ತ:
"ಗೊಬ್ನಿಟ್ ಅನ್ನಲು ನಾಲಿಗೆ ಹೊರಳದ ಸಾಹೇಬರು
ಕೈಗೆ ಸಿಕ್ಕ ಬೈಬಲ್ ಹೆಸರು ಅಂಟಿಸಿದರು.
ಜೇನುನೊಣಗಳನ್ನು ಕಾಯುವ ಸಂತಳ ಹೆಸರಮ್ಮಾ ಅದು.
ಹೀಬ್ರೂದಲ್ಲಿ ಡೆಬೊರಾ ಅಂದರೂ ಜೇನುನೊಣವೇ.
ಅಷ್ಟರ ಮಟ್ಟಿಗೆ ಅವರಲ್ಲೊಬ್ಬ ಓದಿದವನಿದ್ದ."

ವಯಸ್ಸಂತೂ ಕೇಳಬೇಡಿ.
ಎರಡು ಜನಗಣತಿಗಳ ನಡುವಿನ ಹತ್ತು ವರ್ಷದಲ್ಲಿ
ಹದಿನೇಳು ವರ್ಷ ಮುಪ್ಪಾಗಿದ್ದಾಳೆ:
ಎಪ್ಪತ್ತು ತುಂಬಿದವರಿಗೆ ಪಿಂಚಣಿ ಬಂದಿತ್ತಲ್ಲ,
ವಾರಕ್ಕೆ ಐದು ಶಿಲ್ಲಿಂಗು!

ಎಲ್ಲ ಅಕ್ಷರವೂ ಇನ್ಯಾರದೋ ಕೈಯದು.
ಅವಳದ್ದು ಇಷ್ಟೇ: ಮದುವೆಗೂ ಗಣತಿಗೂ
ಹೆಬ್ಬೆಟ್ಟಿನ ಬದಲು ಎಳೆದ ಕತ್ತರಿ ಗೀಟು.
ಒಂದು ಕಾಲು ಉದ್ದ, ತುದಿಯಲ್ಲಿ ಶಾಯಿಯ ಹೆಪ್ಪು,
ಕಾಗದ ಹರಿಯುವಷ್ಟು ಒತ್ತಿ.

"ನಕಲು ಯಾವ ಹೆಸರಿಗೆ ಬರೆಯಲಿ?"
ಪರದೆಯ ಮೇಲಿನ ಗೀಟಿಗೆ ಬೆರಳಿಟ್ಟೆ.
"ಅದಕ್ಕೆ ಕಾಲಂ ಇಲ್ಲವಲ್ಲ," ಅಂದ ಡೊನೊಕ್,
ಬಾಯೊರೆಸಿಕೊಂಡ.